ಪ್ಯಾರಿಸ್ಸಿನ ಕುಂಚ, ಬೂ ಸಾದಾದ ಬದುಕು: ಚಿತ್ರಕಾರ ಎತಿಯೆನ್ ದಿನೆ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ನ್ಯೂ ಸೌತ್ ವೇಲ್ಸ್ ಆರ್ಟ್ ಗ್ಯಾಲರಿಯಲ್ಲಿ ಎತಿಯೆನ್ ದಿನೆ ಎಂಬ ಫ್ರೆಂಚ್ ಚಿತ್ರಕಾರ 1889ರಲ್ಲಿ ಬರೆದ ಹಾವಾಡಿಗನ ದೊಡ್ಡ ತೈಲಚಿತ್ರವನ್ನು ನೋಡಿದೆ. ಆಮೇಲೆ ಹುಡುಕಿದಾಗ, ಅವನು ಅಲ್ಜೀರಿಯಾದಲ್ಲಿ ನೆಲೆಸಿ, ಇಸ್ಲಾಂ ಸ್ವೀಕರಿಸಿ, ಮೆಕ್ಕಾ ಯಾತ್ರೆಯನ್ನೂ ಮಾಡಿದನೆಂದು ತಿಳಿಯಿತು. ಅದೇ ಹುಡುಕಾಟದಲ್ಲಿ, ಹೊಳೆಯಲ್ಲಿ ಮೀಯುವ ಅಲ್ಜೀರಿಯಾದ ಹೆಂಗಸರ ನಗ್ನಚಿತ್ರಗಳೂ ಕಂಡವು. ಇವೆರಡು ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿಬಂದವು? ಅವನು ಆ ಸಂಸ್ಕೃತಿಯನ್ನು ನಿಜವಾಗಿ ತನ್ನದಾಗಿಸಿಕೊಂಡನೇ, ಇಲ್ಲ ತನ್ನ ಕಲೆಗೆ ಸರಕಾಗಿ ಬಳಸಿಕೊಂಡನೇ? ಇವತ್ತಿನ ಅಲ್ಜೀರಿಯಾದವರು ಅವನನ್ನು ಹೇಗೆ ಕಾಣುತ್ತಾರೆ?

ಉತ್ತರ: ನೀವು ಮುಂದಿಟ್ಟಿರುವ ಎರಡು ದಾರಿಗಳಲ್ಲಿ ಒಂದನ್ನೇ ಹಿಡಿದು ಹೊರಟರೆ ದಿನೆಯ ಬದುಕು ಕೈಗೆ ಸಿಗುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತು, ಮತ, ಮನೆ, ಗೆಳೆತನ, ಕಡೆಗೆ ಸಮಾಧಿ, ಇವೆಲ್ಲವನ್ನೂ ದಿನೆ ಅಲ್ಜೀರಿಯಾದ ಬೂ ಸಾದಾ ಎಂಬ ಓಯಸಿಸ್ ಊರಿಗೆ ಒಪ್ಪಿಸಿದ. ಕುಂಚವನ್ನು ಮಾತ್ರ ಒಪ್ಪಿಸಲಿಲ್ಲ. ಅದು ಕೊನೆಯವರೆಗೂ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಪಳಗಿದ ಕುಂಚವಾಗಿಯೇ ಉಳಿಯಿತು, ಹೆಚ್ಚಾಗಿ ಪ್ಯಾರಿಸ್ಸಿನ ಗೋಡೆಗಳಿಗಾಗಿಯೇ ದುಡಿಯಿತು. ಅವನ ಚಿತ್ರಗಳ ಬಲ ಮತ್ತು ಇಕ್ಕಟ್ಟು ಎರಡೂ ಇರುವುದು ಈ ಒಡಕಿನಲ್ಲಿ ಎಂದು ನಾನು ತಿಳಿದಿದ್ದೇನೆ, ಮತ್ತು ನಿಮ್ಮನ್ನು ಗೊಂದಲಕ್ಕೆ ಕೆಡವಿದ ನಗ್ನಚಿತ್ರಗಳೂ ಹುಟ್ಟಿದ್ದು ಅಲ್ಲಿಂದಲೇ.

ದಿನೆ ಹುಟ್ಟಿದ್ದು 1861ರ ಮಾರ್ಚ್ 28ರಂದು, ಪ್ಯಾರಿಸ್ಸಿನ ಅನುಕೂಲಸ್ಥ ಮನೆತನವೊಂದರಲ್ಲಿ; ತಂದೆ ವಕೀಲಿ ವೃತ್ತಿಯವರು. ಶಾಲೆಯಲ್ಲಿ ಅವನ ಜೊತೆಗೆ ಓದಿದವರಲ್ಲಿ ಮುಂದೆ ಫ್ರಾನ್ಸಿನ ಅಧ್ಯಕ್ಷನಾದ ಅಲೆಕ್ಸಾಂದ್ರ್ ಮಿಲರಾಂ ಕೂಡ ಇದ್ದ. 1881ರಲ್ಲಿ ಎಕೋಲ್ ದೆ ಬೋಜಾರ್ ಎಂಬ ಸರ್ಕಾರಿ ಕಲಾಶಾಲೆ ಸೇರಿದ ದಿನೆ, ಬಳಿಕ ಅಕಾಡೆಮಿ ಜೂಲಿಯನ್ ಎಂಬ ಖಾಸಗಿ ಕಲಾಶಾಲೆಯಲ್ಲಿ ವಿಲಿಯಂ ಬೂಗರೋ ಮತ್ತು ತೋನಿ ರೋಬೆರ್-ಫ್ಲೂರಿ ಅವರ ಕೈಕೆಳಗೆ ಕಲಿತ. ಬೂಗರೋ ಎಂದರೆ ನುಣುಪಾದ ಮೈಬಣ್ಣ, ತಪ್ಪಿಲ್ಲದ ಅಂಗರಚನೆ, ಕುಂಚದ ಗುರುತೇ ಕಾಣದಷ್ಟು ತಿದ್ದಿದ ಮೇಲ್ಮೈ. ಹೊರಗೆ ಮೋನೆ, ರೆನ್ವಾರ್ ಮುಂತಾದವರು ಇದನ್ನೆಲ್ಲ ಅಲ್ಲಾಡಿಸುತ್ತಿದ್ದ ಕಾಲದಲ್ಲಿ ದಿನೆ ಈ ಹಳೆಯ ಗರಡಿಯಲ್ಲೇ ಪಳಗಿದ, ಮತ್ತು 1882ರಿಂದ ಅಧಿಕೃತ ಸಲೋನ್ ಪ್ರದರ್ಶನಗಳಲ್ಲಿ ಚಿತ್ರ ಇಡತೊಡಗಿದ. ಈ ತರಬೇತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅವನ ಬದುಕಿನಲ್ಲಿ ಬದಲಾಗದೆ ಉಳಿದದ್ದು ಇದೊಂದೇ.

ಅಲ್ಜೀರಿಯಾಕ್ಕೆ ಅವನು ಹೋದದ್ದು ಆಕಸ್ಮಿಕವಾಗಿ. 1884ರಲ್ಲಿ ಕೀಟಶಾಸ್ತ್ರಜ್ಞರ ತಂಡವೊಂದು ದಕ್ಷಿಣ ಅಲ್ಜೀರಿಯಾಕ್ಕೆ ಹೊರಟಾಗ ಇಪ್ಪತ್ಮೂರರ ಹುಡುಗನೂ ಜೊತೆಗೂಡಿದ. ಅಲ್ಜೀರ್ಸ್‌ನಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳು ಮುಗಿದು ಮರಳು ಶುರುವಾಗುವ ಗಡಿಯಲ್ಲಿರುವ ಬೂ ಸಾದಾವನ್ನು ಅವನು ಮೊದಲು ನೋಡಿದ್ದು ಆಗಲೇ. ಮರುವರ್ಷ ಸರ್ಕಾರದ ಪ್ರವಾಸಧನ ದೊರಕಿದ್ದರಿಂದ ಇನ್ನೂ ದಕ್ಷಿಣಕ್ಕೆ ಇಳಿದು ಲಗ್ವಾತ್ ಊರಿಗೆ ಹೋದ. ಆ ಊರಿನ ಮಣ್ಣಿನ ಮಾಳಿಗೆಗಳ ಮೇಲೆ ಇಳಿಹೊತ್ತಿನ ಬೆಳಕು ಬಿದ್ದಿರುವ ಚಿಕ್ಕದೊಂದು ಚಿತ್ರವನ್ನು ಅವನು 1885ರಲ್ಲಿ ಬರೆದ. ಅವನ ಅಲ್ಜೀರಿಯಾ ಪರ್ವ ಶುರುವಾಗುವುದು ಈ ಚಿತ್ರದಿಂದ.

ಆ ಬೆಳಕಿನ ಹಿಂದಿನ ಕಾಲವನ್ನೂ ಒಮ್ಮೆ ನೋಡಬೇಕಾಗುತ್ತದೆ. ಫ್ರಾನ್ಸ್ ಅಲ್ಜೀರ್ಸ್ ಮೇಲೆ ದಂಡೆತ್ತಿ ಬಂದದ್ದು 1830ರಲ್ಲಿ. 1852ರ ಡಿಸೆಂಬರಿನಲ್ಲಿ ಫ್ರೆಂಚ್ ಸೈನ್ಯ ಲಗ್ವಾತನ್ನು ಮುತ್ತಿಗೆ ಹಾಕಿ ಹಿಡಿದಾಗ ಊರಿನ ಸಾವಿರಾರು ಜನ ಸತ್ತರು. ಮರುವರ್ಷವೇ ಅಲ್ಲಿಗೆ ಹೋದ ಚಿತ್ರಕಾರ ಯೂಜೆನ್ ಫ್ರೋಮಂತಾಂ, ಆ ಊರಿನ ಬಿಸಿಲಿನ ಬಗ್ಗೆ ಬರೆಯುವಾಗ ಹೆಣಗಳ ನೆನಪನ್ನೂ ಬಿಡಲಾಗದೆ ಬರೆದ. ದಿನೆ ಅದೇ ಮಾಳಿಗೆಗಳನ್ನು ಚಿತ್ರಿಸಿದ್ದು ಆ ಘಟನೆಯಾಗಿ ಮೂವತ್ತಮೂರು ವರ್ಷಕ್ಕೆ. ಅವನು ಕಾಲಿಟ್ಟ ಹೊತ್ತಿಗೆ ಅಲ್ಜೀರಿಯಾದ ಮುಸ್ಲಿಮರ ಮೇಲೆ 1881ರ 'ಅಂದಿಜೆನಾ' ನಿಯಮಾವಳಿ ಜಾರಿಯಲ್ಲಿತ್ತು, ಎಂದರೆ ಕೋರ್ಟಿನ ವಿಚಾರಣೆಯಿಲ್ಲದೆಯೂ ಅಧಿಕಾರಿಯೊಬ್ಬ ದೇಶೀಯರಿಗೆ ದಂಡ ಹಾಕಬಹುದಾಗಿತ್ತು. ದಿನೆಯ ಚಿತ್ರಗಳಲ್ಲಿ ಇದರ ನೆರಳು ಬಹಳ ಕಡಿಮೆ. ಅವನ ಬೂ ಸಾದಾದಲ್ಲಿ ಫ್ರೆಂಚ್ ಸೈನಿಕ, ತೆರಿಗೆ ವಸೂಲಿಯವನು, ರಸ್ತೆ ಎಂಜಿನಿಯರು ಯಾರೂ ಕಾಣುವುದಿಲ್ಲ ಎನ್ನಬಹುದು. ಇದ್ದೂ ಕಾಣದಂತಿರುವ ಇವರನ್ನು ಮರೆತು ಚಿತ್ರ ನೋಡಿದರೆ ಆ ಊರು ಕಾಲದ ಆಚೆಗೆ ಇದ್ದಂತೆ ತೋರುತ್ತದೆ, ಮತ್ತು ಪ್ಯಾರಿಸ್ಸಿನ ಕೊಳ್ಳುಗರಿಗೆ ಬೇಕಾಗಿದ್ದದ್ದೂ ಅದೇ.

ಹೀಗೆ ನೋಡಿದರೆ ಮೊದಲ ವರ್ಷಗಳ ದಿನೆ ಆ ಕಾಲದ ನೂರಾರು 'ಪೌರ್ವಾತ್ಯ' ಚಿತ್ರಕಾರರಲ್ಲಿ, ಎಂದರೆ ಪೂರ್ವದ ನಾಡುಗಳನ್ನು ಚಿತ್ರಿಸುತ್ತಿದ್ದ ಯೂರೋಪಿನವರಲ್ಲಿ, ಒಬ್ಬ. ಫ್ರೆಂಚ್ ಚಿತ್ರಕಾರ ದೆಲಕ್ರ್ವಾ 1832ರಲ್ಲಿ ಮೊರಾಕೊ ಮತ್ತು ಅಲ್ಜೀರ್ಸ್‌ಗೆ ಹೋಗಿಬಂದ ಮೇಲೆ ಉತ್ತರ ಆಫ್ರಿಕಾದ ಚಿತ್ರಗಳಿಗೆ ಫ್ರಾನ್ಸಿನಲ್ಲಿ ಮಾರುಕಟ್ಟೆ ಹುಟ್ಟಿತ್ತು. ಒಂದೆರಡು ತಿಂಗಳು ಸುತ್ತಿ, ಚೀಲ ತುಂಬ ನಕಾಸೆ ಮತ್ತು ಪೋಷಾಕು ತಂದು, ಉಳಿದದ್ದನ್ನು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಬಾಡಿಗೆ ರೂಪದರ್ಶಿಗಳನ್ನು ಕೂರಿಸಿ ಮುಗಿಸುವುದು ಆ ವೃತ್ತಿಯ ವಾಡಿಕೆಯಾಗಿತ್ತು. ಪ್ಯಾರಿಸ್ಸಿನ ಲಕ್ಸಂಬೂರ್ ಮ್ಯೂಸಿಯಮ್ಮಿನ ಲೆಯೋನ್ಸ್ ಬೆನೆದಿತ್ ಜೊತೆ ಸೇರಿ 1893ರಲ್ಲಿ ಫ್ರೆಂಚ್ ಪೌರ್ವಾತ್ಯ ಚಿತ್ರಕಾರರ ಸಂಘ ಕಟ್ಟಿದವರಲ್ಲಿ ದಿನೆಯೂ ಒಬ್ಬ, ಎಂದರೆ ಆ ಗುಂಪಿನ ಹೊರಗಿನವನಲ್ಲ, ಮುಂದಾಳುಗಳಲ್ಲೇ ಒಬ್ಬ. ಆದರೆ ವಾಡಿಕೆಯನ್ನು ಎರಡು ಕಡೆ ಅವನು ಮುರಿದ. ಒಂದು, ಪ್ಯಾರಿಸ್ಸಿನ ಪೌರ್ವಾತ್ಯ ಭಾಷೆಗಳ ಶಾಲೆಯಲ್ಲಿ ಅರಬ್ಬಿ ಕಲಿತ. ಕಾಫಿ ತರಿಸಿಕೊಳ್ಳುವಷ್ಟಲ್ಲ, ಹಳೆಯ ಕಾವ್ಯ ಓದುವಷ್ಟು. ಇಸ್ಲಾಮಿಗೂ ಹಿಂದಿನ ವೀರಕವಿ ಅಂತರನ ಕಥೆಗೆ 1898ರಲ್ಲಿ ಅವನು ಬರೆದ ನೂರಕ್ಕೂ ಹೆಚ್ಚು ಚಿತ್ರಗಳು ಈ ಓದಿನ ಫಲ. ಇನ್ನೊಂದು, ಅವನಿಗೆ ಸ್ಲಿಮಾನ್ ಸಿಕ್ಕ.

ಸ್ಲಿಮಾನ್ ಬೆನ್ ಇಬ್ರಾಹಿಂನನ್ನು ಬಿಟ್ಟು ದಿನೆಯ ಕಥೆ ಹೇಳುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ. 1880ರ ದಶಕದ ಕೊನೆಗೆ ಬೂ ಸಾದಾದಲ್ಲಿ ಪರಿಚಯವಾದ ಈ ಯುವಕ ಮೊದಲು ದಾರಿ ತೋರಿಸುವವನಾಗಿದ್ದ, ಆಮೇಲೆ ಜೀವದ ಗೆಳೆಯನಾದ. ಒಮ್ಮೆ ಹಲ್ಲೆಯೊಂದರಿಂದ ದಿನೆಯನ್ನು ಕಾಪಾಡಲು ಅಡ್ಡ ನಿಂತು ತಾನೇ ಗಾಯಗೊಂಡ ಪ್ರಸಂಗವನ್ನು ದಿನೆಯ ಜೀವನಚರಿತ್ರೆಗಳು ಹೇಳುತ್ತವೆ. ಸ್ಲಿಮಾನ್ ಮ್ಜಾಬ್ ಕಣಿವೆಯ ವ್ಯಾಪಾರಿ ಜನಾಂಗಕ್ಕೆ ಸೇರಿದವನು. ಮ್ಜಾಬಿಗಳು ಇಬಾದಿ ಪಂಗಡದ ಮುಸ್ಲಿಮರು. ಸುತ್ತಲಿನ ಸುನ್ನಿ ಸಮಾಜದ ನಡುವೆ ಅವರೂ ಒಂದು ಬಗೆಯಲ್ಲಿ ಹೊರಗಿನವರೇ. ಹೊರಗಿನಿಂದ ಬಂದ ಚಿತ್ರಕಾರನಿಗೆ ಊರನ್ನು ತೆರೆದು ತೋರಿಸಿದವನೂ ಪೂರ್ತಿ ಒಳಗಿನವನಲ್ಲ ಎಂಬುದು ನನಗೆ ಕುತೂಹಲದ ಸಂಗತಿಯಾಗಿ ಕಂಡಿದೆ. ಊರಿನ ನಡೆನುಡಿಯನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಅಭ್ಯಾಸ, ಅದರಲ್ಲೇ ಮುಳುಗಿರುವವನಿಗಿಂತ ಅದರ ಅಂಚಿನಲ್ಲಿ ನಿಂತವನಿಗೆ ಚೆನ್ನಾಗಿ ಒದಗಿಬರುತ್ತದೆ.

ಇಬ್ಬರೂ ಸೇರಿ ಪುಸ್ತಕಗಳನ್ನು ಬರೆದರು, ಮತ್ತು ಹೊದಿಕೆಯ ಮೇಲೆ ಇಬ್ಬರ ಹೆಸರೂ ಜೊತೆಜೊತೆಯಾಗಿ ಅಚ್ಚಾಯಿತು. ಇದು ಸಣ್ಣ ಮಾತಲ್ಲ. ದೇಶೀಯ 'ಮಾಹಿತಿದಾರ' ಹೇಳಿದ್ದನ್ನೆಲ್ಲ ಬರೆದುಕೊಂಡು ತನ್ನೊಬ್ಬನ ಹೆಸರಿನಲ್ಲಿ ಪ್ರಕಟಿಸುವುದು ಆಗಿನ ವಿದ್ವಾಂಸರಿಗೂ ತಪ್ಪೆನಿಸದಿದ್ದ ಕಾಲ ಅದು. ಕಥೆ, ಗಾದೆ, ಹಾಡು, ಮದುವೆಯ ಪದ್ಧತಿ, ನೃತ್ಯಗಾರ್ತಿಯರ ಬದುಕು, ಎಲ್ಲವೂ ಸ್ಲಿಮಾನ್‌ನ ಬಾಯಿಂದ ಬಂದು ದಿನೆಯ ಫ್ರೆಂಚಿನಲ್ಲಿ ಮತ್ತು ಬಣ್ಣದಲ್ಲಿ ರೂಪ ಪಡೆದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ದಿನೆ ಬೂ ಸಾದಾದಲ್ಲಿ ಮನೆ ಕೊಂಡು ವರ್ಷದ ಹೆಚ್ಚಿನ ಭಾಗ ಅಲ್ಲೇ ಇರತೊಡಗಿದ. ಆ ಪ್ರದೇಶ ಸೈನ್ಯದ ಆಡಳಿತದಲ್ಲಿತ್ತು. ಅದನ್ನು ನಾಗರಿಕ ಆಡಳಿತಕ್ಕೆ ವರ್ಗಾಯಿಸಬೇಕೆಂದು ಅವನು ಊರಿನವರ ಪರವಾಗಿ ಪ್ಯಾರಿಸ್ಸಿನಲ್ಲಿದ್ದ ತನ್ನ ಪ್ರಭಾವವನ್ನೆಲ್ಲ ಬಳಸಿದ.

ಈಗ ನೀವು ನೋಡಿದ ಚಿತ್ರಕ್ಕೇ ಬರೋಣ. ಹಾವಾಡಿಗನ ಚಿತ್ರದಲ್ಲಿ ಆಳೆತ್ತರವನ್ನು ಮೀರಿಸುವ ಕ್ಯಾನ್ವಾಸು, ನಡುವೆ ಹಾವು ಹಿಡಿದ ಮುದುಕ, ಸುತ್ತ ನೆರೆದ ಜನ. ಸಾಮಾನ್ಯ ಪೌರ್ವಾತ್ಯ ಚಿತ್ರಕಾರನಾಗಿದ್ದರೆ ಕಣ್ಣು ಹಾವಿನ ಮೇಲೆ, ಹಾವಾಡಿಗನ ವೇಷದ ಮೇಲೆ ನಿಲ್ಲುತ್ತಿತ್ತು, ನೆರೆದವರು ಹಿನ್ನೆಲೆಯ ಗುಂಪಾಗಿ ಉಳಿಯುತ್ತಿದ್ದರು. ಇಲ್ಲಿ ಗುಂಪೇ ಚಿತ್ರದ ಜೀವ. ಒಬ್ಬನದು ನಂಬಿದ ಮುಖ, ಇನ್ನೊಬ್ಬನದು ನಂಬದ ನಗೆ, ಹುಡುಗರದು ಹೆದರಿಕೆ ಮತ್ತು ಆಸೆ ಕೂಡಿದ ನೋಟ. ಒಂದು ಮುಖದ ಮೇಲಿನ ಭಾವ ಪಕ್ಕದ ಮುಖದ ಮೇಲಿಲ್ಲ. ಇವರು ಚಿತ್ರಕಾರನಿಗೆ ಹೆಸರು ಹಿಡಿದು ಕರೆಯುವಷ್ಟು ಗೊತ್ತಿದ್ದವರು ಎನಿಸುತ್ತದೆ. ಅದೇ ವರ್ಷ ಅವನು ಒಂದು ಕಾಸಿಗಾಗಿ ಮೈಮೇಲೆ ಬಿದ್ದು ಕಿತ್ತಾಡುವ ಹುಡುಗರನ್ನೂ ಚಿತ್ರಿಸಿದ. ನೋಡಲು ತಮಾಷೆ, ಆದರೆ ಆ ಕಾಸನ್ನು ಎಸೆದವನು ಯಾರು ಎಂದು ಕೇಳಿಕೊಂಡ ಕೂಡಲೇ ಚಿತ್ರದ ಹೊರಗೆ ನಿಂತ ಪ್ರವಾಸಿಯ ಕೈ ನೆನಪಾಗುತ್ತದೆ.

ಬೆಳಕಿನ ವಿಷಯದಲ್ಲಿ ದಿನೆ ಬಹಳ ಶ್ರಮಪಟ್ಟವನು. ಮರುಭೂಮಿಯ ಬೆಳಕು ಬಿದ್ದಲ್ಲಷ್ಟೇ ನಿಲ್ಲುವುದಿಲ್ಲ. ಮರಳಿಗೆ ತಾಗಿ ಮೇಲಕ್ಕೆ ಚಿಮ್ಮಿ, ನೆರಳಿನಲ್ಲಿರುವ ಗಲ್ಲದ ಕೆಳಭಾಗವನ್ನೂ ಕೆಂಪಗೆ ಬೆಳಗಿಸುತ್ತದೆ. ಅವನ ಸಂಜೆಯ ಚಿತ್ರಗಳಲ್ಲಿ ಈ ಮೇಲ್ಮುಖ ಬೆಳಕನ್ನು ಗಮನಿಸಿ: ಹಣೆಯ ಮೇಲೆ ಆಕಾಶದ ತಿಳಿನೇರಳೆ, ಗಲ್ಲದ ಕೆಳಗೆ ನೆಲದ ಕಿತ್ತಳೆ, ನಡುವೆ ಬೆಳ್ಳಿಯ ಒಡವೆಯೊಂದು ಎರಡನ್ನೂ ಹೀರಿಕೊಂಡು ಹೊಳೆಯುತ್ತಿರುತ್ತದೆ. ಸ್ಟುಡಿಯೋದ ಉತ್ತರದ ಕಿಟಕಿಯಿಂದ ಬರುವ ಬೆಳಕಿನಲ್ಲಿ ಇದು ಹೊಳೆಯುವ ಮಾತಲ್ಲ; ಅಲ್ಲೇ ಕೂತು, ದಿನವೂ ಅದೇ ಹೊತ್ತಿಗೆ ಕಾದು ಕಂಡವನಿಗೆ ಮಾತ್ರ ಸಿಕ್ಕುವ ತಿಳಿವಳಿಕೆ. ಬಣ್ಣಗಳು ಕೆಡುವುದರ ಬಗ್ಗೆ, ವಾರ್ನಿಶ್ ಕಾಲಕ್ರಮೇಣ ಹಳದಿ ತಿರುಗಿ ಚಿತ್ರವನ್ನು ಕೊಲ್ಲುವುದರ ಬಗ್ಗೆ ಅವನು ಒಂದು ಪುಸ್ತಕವನ್ನೇ ಬರೆದ. ಬೆಳಕಿಗಾಗಿ ಅಷ್ಟು ಕಾದವನಿಗೆ ಅದರ ಮೇಲೆ ಯಾರೋ ಹಳದಿ ಪೊರೆ ಬಳಿಯುವುದು ಸಹಿಸಲಾಗದಿದ್ದದ್ದು ಸಹಜ.

ಇನ್ನು ನಗ್ನಚಿತ್ರಗಳು. ಬೂ ಸಾದಾದ ಸುತ್ತಲಿನ ಬೆಟ್ಟಸೀಮೆ ಉಲೆದ್ ನಾಯಿಲ್ ಬುಡಕಟ್ಟಿನದು. ಆ ಬುಡಕಟ್ಟಿನ ಕೆಲವು ಹೆಂಗಸರು ಯೌವನದಲ್ಲಿ ಓಯಸಿಸ್ ಊರುಗಳಿಗೆ ಬಂದು, ನೃತ್ಯ ಮಾಡಿ, ಗಳಿಸಿದ ನಾಣ್ಯಗಳನ್ನು ಪೋಣಿಸಿ ಮೈಮೇಲೆ ಧರಿಸಿ, ಸಾಕಷ್ಟಾದ ಮೇಲೆ ಊರಿಗೆ ಮರಳಿ ಮದುವೆಯಾಗುತ್ತಿದ್ದರು. ಫ್ರೆಂಚ್ ದಂಡು ಬಂದ ಮೇಲೆ ಈ ಪದ್ಧತಿ ಪರವಾನಗಿ, ತಪಾಸಣೆಗಳ ವೇಶ್ಯಾವಾಟಿಕೆಯ ಚೌಕಟ್ಟಿಗೆ ಬಿತ್ತು. ಆಮೇಲೆ ಪ್ರವಾಸಿಗಳು, ಆಮೇಲೆ ಪೋಸ್ಟ್‌ಕಾರ್ಡುಗಳು. ದಿನೆಗೆ ಎದುರು ಕೂರಲು ಒಪ್ಪುತ್ತಿದ್ದ ಹೆಂಗಸರು ಬಹುತೇಕ ಇವರೇ, ಏಕೆಂದರೆ ಊರಿನ ಮನೆಹೆಂಗಸರು ಪರಗಂಡಸಿನ ಮುಂದೆ ಮುಸುಕು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಅವನ ಚಿತ್ರಗಳಲ್ಲಿ ಬೂ ಸಾದಾದ ಹೆಣ್ಣು ಎಂದು ಕಾಣುವುದು ವಾಸ್ತವದಲ್ಲಿ ಒಂದು ಸಣ್ಣ ವರ್ಗದ ಹೆಣ್ಣು. ಹೊಳೆಯಲ್ಲಿ ಮೀಯುವ, ಓಲಿಯಾಂಡರ್ ಪೊದೆಗಳ ನಡುವೆ ನಗುವ ಆ ಮೈಗಳನ್ನು ಅವನು ಬೂಗರೋ ಕಲಿಸಿದ ರೀತಿಯಲ್ಲೇ ಬರೆದ, ಪ್ಯಾರಿಸ್ಸಿನಲ್ಲಿ ಅವು ಚೆನ್ನಾಗಿ ಮಾರಾಟವಾದವು, ಮತ್ತು ಮತಾಂತರದ ಬಳಿಕವೂ ಅವನು ಅವನ್ನು ಬರೆಯುವುದನ್ನು ಬಿಡಲಿಲ್ಲ.

ಇದಕ್ಕೆ ಸಮಜಾಯಿಷಿ ಕೊಡುವವರಿದ್ದಾರೆ. ದಿನೆಯ ಹೆಂಗಸರು ಹರೆಮ್ಮಿನ ಸೋಫಾದ ಮೇಲೆ ಮಲಗಿ ನೋಡುಗನಿಗಾಗಿ ಕಾಯುವವರಲ್ಲ, ತಮ್ಮಷ್ಟಕ್ಕೆ ನಗುತ್ತ, ಆಡುತ್ತ ಇರುವವರು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. 1910ರಲ್ಲಿ ಸ್ಲಿಮಾನ್ ಜೊತೆಗೂಡಿ ಬರೆದ, ಉಲೆದ್ ನಾಯಿಲ್ ನೃತ್ಯಗಾರ್ತಿಯೊಬ್ಬಳ ಕಥೆಯಲ್ಲಿ ಅವಳ ಬದುಕನ್ನು ಒಳಗಿನಿಂದ ಹೇಳುವ ಪ್ರಯತ್ನವೂ ಇದೆ. ಆದರೂ ಆ ಚಿತ್ರಗಳ ಕಣ್ಣು ಗಂಡಸಿನದು, ಗಿರಾಕಿ ಪ್ಯಾರಿಸ್ಸಿನವನು, ಎದುರು ಕೂತವಳ ಬಡತನ ಚೌಕಟ್ಟಿನ ಹೊರಗಿನದು ಎಂಬುದನ್ನು ಈ ಸಮಜಾಯಿಷಿ ಅಳಿಸಲಾರದು. ವಿದ್ವಾಂಸ ಎಡ್ವರ್ಡ್ ಸಯೀದ್ 1978ರಲ್ಲಿ ಪೌರ್ವಾತ್ಯವಾದದ ಬಗ್ಗೆ, ಎಂದರೆ ಪಶ್ಚಿಮದವರು ಪೂರ್ವವನ್ನು ತಮಗೆ ಬೇಕಾದಂತೆ ಚಿತ್ರಿಸುವುದರ ಬಗ್ಗೆ, ಎತ್ತಿದ ಪ್ರಶ್ನೆಗಳು ದಿನೆಗೆ ತಟ್ಟುವುದಾದರೆ ಮುಖ್ಯವಾಗಿ ಇಲ್ಲೇ ತಟ್ಟುತ್ತವೆ. ನಂಬಿಕೆ ಬದಲಾದ ಕೂಡಲೇ ಅವನ ಕಣ್ಣೂ ಬದಲಾಯಿತೆಂದು ಹೇಳಲು ಚಿತ್ರಗಳು ನಮಗೆ ಆಧಾರ ಕೊಡುವುದಿಲ್ಲ.

ಮತಾಂತರದ ವಿಷಯ ಹೀಗಿದೆ. ಆಪ್ತರಿಗೆ ಮೊದಲೇ ತಿಳಿದಿದ್ದ ತನ್ನ ಒಲವನ್ನು ದಿನೆ 1913ರಲ್ಲಿ ಬಹಿರಂಗಪಡಿಸಿ ನಸ್ರುದ್ದೀನ್ ಎಂಬ ಹೆಸರನ್ನು ಪಡೆದ. 1927ರಲ್ಲಿ ಅಲ್ಜೀರ್ಸ್‌ನಲ್ಲಿ ಅದನ್ನು ಸಾರ್ವಜನಿಕವಾಗಿ ದೃಢಪಡಿಸಿದ. ಫ್ರೆಂಚ್ ವಸಾಹತುಗಾರರಿಗೆ ಇದು ಹುಚ್ಚಾಟ, ಕೆಲವರಿಗೆ ದ್ರೋಹ. ಅವನ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣ ಕಾಣುವುದಿಲ್ಲ, ಏಕೆಂದರೆ ಇದರಿಂದ ಅವನಿಗೆ ಮಾರುಕಟ್ಟೆಯಲ್ಲಿ ಬರುವ ಲಾಭವೇನೂ ಇರಲಿಲ್ಲ. ಆದರೆ ಕಾನೂನಿನ ಒಂದು ಅಂಶವನ್ನು ಇಲ್ಲಿ ಹೇಳಲೇಬೇಕು. 1865ರ ಶಾಸನದ ಪ್ರಕಾರ ಅಲ್ಜೀರಿಯಾದ ಮುಸ್ಲಿಮನು ಫ್ರೆಂಚ್ ಪ್ರಜೆಯೇ ಹೊರತು ಪೂರ್ಣ ಪೌರನಲ್ಲ. ಪೌರತ್ವ ಬೇಕಾದರೆ ಮದುವೆ, ಉತ್ತರಾಧಿಕಾರ ಮುಂತಾದ ವಿಷಯಗಳಲ್ಲಿ ಇಸ್ಲಾಮಿನ ಕಾನೂನನ್ನು ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಡಬೇಕಾಗಿತ್ತು, ಮತ್ತು ಹಾಗೆ ಮಾಡಿದವರು ಬಹಳ ಕಡಿಮೆ. ದಿನೆ ಎದುರು ದಿಕ್ಕಿನಿಂದ ಬಂದ. ಅವನು ಮುಸ್ಲಿಮನಾದ ಮೇಲೂ ಫ್ರೆಂಚ್ ಪೌರನಾಗಿಯೇ ಉಳಿದ, ಬೇಕೆಂದಾಗ ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗಿಬಂದ, ಮಂತ್ರಿಗಳಿಗೆ ಪತ್ರ ಬರೆದ. ಸ್ಲಿಮಾನ್‌ನ ಮೇಲೆ ಹೂಡಬಹುದಾಗಿದ್ದ ದಂಡವನ್ನು ಅವನ ಪಕ್ಕದಲ್ಲೇ ನಮಾಜಿಗೆ ನಿಂತ ದಿನೆಯ ಮೇಲೆ ಯಾರೂ ಹೂಡುವಂತಿರಲಿಲ್ಲ. ಇದು ಅವನ ತಪ್ಪಲ್ಲ. ಆದರೂ ಆ ಗಡಿಯನ್ನು ಅಷ್ಟು ಸುಲಭವಾಗಿ ದಾಟಲು ಒಂದು ಕಡೆಯವರಿಗೆ ಮಾತ್ರ ಅವಕಾಶವಿತ್ತು.

ಆ ಅವಕಾಶವನ್ನು ಅವನು ಎಲ್ಲಿ ಬಳಸಿದ ಎಂಬುದೂ ಮುಖ್ಯ. ಮೊದಲ ಮಹಾಯುದ್ಧದಲ್ಲಿ ಅಲ್ಜೀರಿಯಾದಿಂದ ಸುಮಾರು 1,70,000 ಮುಸ್ಲಿಮರು ಫ್ರೆಂಚ್ ಸೈನ್ಯಕ್ಕೆ ಸೇರಿದರು, ಅವರಲ್ಲಿ ಸಾವಿರ ಸಾವಿರ ಜನ ಯೂರೋಪಿನ ಮಣ್ಣಿನಲ್ಲಿ ಸತ್ತರು. ಸತ್ತ ಮುಸ್ಲಿಮ್ ಸೈನಿಕನಿಗೆ ಅವನ ಧರ್ಮಕ್ಕೆ ತಕ್ಕ ಗೋರಿಗಲ್ಲು ಬೇಕೆಂದು ಅದರ ಮಾದರಿಯನ್ನು ರಚಿಸಿಕೊಟ್ಟವನು ದಿನೆ. ಕಲಾಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಅವನ ಅತಿ ಹೆಚ್ಚು ಜನ ನಿಂತು ನೋಡಿದ ಕೆಲಸ ಬಹುಶಃ ಅದೇ ಇದ್ದೀತು.

1918ರಲ್ಲಿ ಸ್ಲಿಮಾನ್ ಜೊತೆಗೂಡಿ ಅವನು ಪ್ರಕಟಿಸಿದ ಪ್ರವಾದಿ ಮೊಹಮ್ಮದರ ಜೀವನಚರಿತ್ರೆಯೂ ಯುದ್ಧದಲ್ಲಿ ಸತ್ತ ಮುಸ್ಲಿಮ್ ಸೈನಿಕರಿಗೆ ಅರ್ಪಿತವಾದದ್ದು. ಚಿತ್ರಕಾರನೊಬ್ಬ ಚಿತ್ರಿಸಬಾರದ ಬದುಕಿಗೆ ಚಿತ್ರಗಳನ್ನು ಬರೆಯಬೇಕಾದ ವಿಚಿತ್ರ ಸಂದರ್ಭ ಅದು. ಪ್ರವಾದಿಯ ರೂಪವನ್ನಾಗಲಿ ಅವರ ಕಾಲದ ಘಟನೆಗಳನ್ನಾಗಲಿ ಅವನು ಮುಟ್ಟಲಿಲ್ಲ. ಬದಲಿಗೆ ತನ್ನ ಕಣ್ಣೆದುರಿನ ಅಲ್ಜೀರಿಯಾದ ಭಕ್ತರನ್ನು, ಅವರು ನಮಾಜಿಗೆ ನಿಲ್ಲುವ, ಬಾಗುವ, ಮಂಡಿಯೂರಿ ಕೂರುವ ಭಂಗಿಗಳನ್ನು, ಮರುಭೂಮಿಯ ಬೆಳಗು ಬೈಗುಗಳನ್ನು ಬರೆದ. ಈ ಕಾಲದ ಪ್ರಾರ್ಥನೆಯ ಚಿತ್ರಗಳೇ ಅವನ ಕೃತಿಗಳಲ್ಲಿ ಉತ್ತಮವಾದವೆಂದು ನನಗೆ ಅನ್ನಿಸುತ್ತದೆ. ನಮಾಜಿನ ಕೊನೆಗೆ ಕೂತು ತಹಿಯ್ಯಾತ್ ಓದುವ ಸಾಲನ್ನು ಬರೆಯುವಾಗ ಬೆರಳು, ಬೆನ್ನು, ಇಳಿದ ಕಣ್ಣುರೆಪ್ಪೆ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇವೆ. ಹಿಂದಿನ ಪೌರ್ವಾತ್ಯ ಚಿತ್ರಕಾರರು ಮಸೀದಿಯ ಹೆಂಚಿನ ವಿನ್ಯಾಸಕ್ಕೆ ಕೊಟ್ಟ ಶ್ರದ್ಧೆಯನ್ನು ದಿನೆ ಈ ದಣಿದ ಬೆನ್ನುಗಳಿಗೆ ಕೊಟ್ಟಿದ್ದಾನೆ. ಮೊದಲಿದ್ದ ಮಿಂಚು ಇಲ್ಲಿಲ್ಲ, ಕೆಲವರು ಇವನ್ನು ಸಪ್ಪೆ ಎಂದೂ ಕರೆದಿದ್ದಾರೆ.

ಅದೇ ಪುಸ್ತಕದ ಅಲಂಕಾರದ ಪುಟಗಳನ್ನು ದಿನೆ ತಾನು ಮಾಡಲಿಲ್ಲ. ಅಲ್ಜೀರ್ಸ್‌ನ ಯುವ ಕಲಾವಿದ ಮೊಹಮ್ಮದ್ ರಾಸಿಮ್‌ಗೆ ಒಪ್ಪಿಸಿದ. 1896ರಲ್ಲಿ ಹುಟ್ಟಿದ ರಾಸಿಮ್ ಕುಶಲಕರ್ಮಿಗಳ ಮನೆತನದವನು, ಮುಂದೆ ಅಲ್ಜೀರಿಯಾದ ಕಿರುಚಿತ್ರಕಲೆಯ (ಮಿನಿಯೇಚರ್) ಪರಂಪರೆಯನ್ನು ಕಟ್ಟಿದವನು. ನಾನು ಮೊದಲು ಹೇಳಿದ ಒಡಕನ್ನು ಕಣ್ಣಾರೆ ನೋಡಬೇಕಾದವರು ಈ ಪುಸ್ತಕವನ್ನೇ ಬಿಡಿಸಿ ನೋಡಬೇಕು. ದಿನೆಯ ಪುಟದಲ್ಲಿ ನೆರಳು ಬೆಳಕು, ದೂರ ಹತ್ತಿರ, ಮೈಯ ತೂಕ, ಎಲ್ಲವೂ ಯೂರೋಪಿನ ಕಲಿಕೆ. ರಾಸಿಮ್‌ನ ಪುಟದಲ್ಲಿ ಆಳವಿಲ್ಲ, ನೆರಳಿಲ್ಲ; ಬಂಗಾರ, ನೀಲಿ, ಬಳ್ಳಿ, ಅಕ್ಷರ ಇಷ್ಟೇ ಇವೆ, ಮತ್ತು ಅವು ಇಸ್ಲಾಮಿನ ಗ್ರಂಥಕಲೆಯಿಂದ ನೇರವಾಗಿ ಬಂದವು. ನಲವತ್ತು ವರ್ಷಕ್ಕೂ ಹೆಚ್ಚು ಆ ನೆಲದ ಒಡನಾಟವಿದ್ದರೂ ದಿನೆ ಒಮ್ಮೆಯೂ ರಾಸಿಮ್‌ನ ದಾರಿಯಲ್ಲಿ ಹೆಜ್ಜೆ ಇಡಲಿಲ್ಲ. ಆ ದಾರಿ ತನ್ನದಲ್ಲವೆಂದು ತಿಳಿದೇ ಇನ್ನೊಬ್ಬರನ್ನು ಕರೆದ ಎಂದು ಓದಿದರೆ ಅದು ವಿನಯ. ಅವನ ಕೈಗೆ ಬೇರೆ ಯಾವುದೂ ಬರುತ್ತಿರಲಿಲ್ಲ ಎಂದು ಓದಿದರೆ ಅದು ಮಿತಿ. ಎರಡೂ ಇದ್ದಿರಬಹುದು.

1921ರಲ್ಲಿ ಅವನು ಮತ್ತು ಸ್ಲಿಮಾನ್ ಸೇರಿ ಒಂದು ಖಂಡನಾಗ್ರಂಥವನ್ನೂ ಬರೆದರು. ಇಸ್ಲಾಮಿನ ಬಗ್ಗೆ ಬರೆಯುತ್ತಿದ್ದ ಯೂರೋಪಿನ ವಿದ್ವಾಂಸರು, ಅದರಲ್ಲೂ ಜೆಸ್ಯೂಟ್ ಪಾದ್ರಿ ಆಂರಿ ಲಾಮೆನ್ಸ್, ಪೂರ್ವಗ್ರಹಗಳನ್ನೇ ಪಾಂಡಿತ್ಯವೆಂದು ತೋರಿಸುತ್ತಿದ್ದಾರೆ ಎಂಬುದು ಅವರ ದೂರು. ಪೌರ್ವಾತ್ಯ ಚಿತ್ರಕಾರರ ಸಂಘ ಕಟ್ಟಿದ ಕೈಯೇ ಪೌರ್ವಾತ್ಯ ಪಂಡಿತರನ್ನು ಹೀಗೆ ತರಾಟೆಗೆ ತೆಗೆದುಕೊಂಡಿತು, ಅದೂ ಸಯೀದರಿಗಿಂತ ಐವತ್ತಕ್ಕೂ ಹೆಚ್ಚು ವರ್ಷ ಮೊದಲು. ಪಂಡಿತರ ಮಾತಿನಲ್ಲಿ ಕಂಡ ದೋಷವನ್ನು ತನ್ನ ಸಂಘದ ಸದಸ್ಯರ ಬಣ್ಣದಲ್ಲೂ ಕಂಡಿದ್ದರೆ ಚೆನ್ನಾಗಿತ್ತು.

1929ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ದಿನೆ ಸ್ಲಿಮಾನ್ ಜೊತೆ ಹಜ್ ಯಾತ್ರೆ ಮಾಡಿದ. ಮೆಕ್ಕಾ ಇರುವ ಹಿಜಾಜ್ ಪ್ರಾಂತ ಆಗ ಇಬ್ನ್ ಸೌದ್‌ನ ಆಳ್ವಿಕೆಗೆ ಬಂದು ಕೆಲವೇ ವರ್ಷಗಳಾಗಿದ್ದವು, ಪ್ರಯಾಣ ಸುಲಭದ್ದಾಗಿರಲಿಲ್ಲ. ಯಾತ್ರೆಯ ವೃತ್ತಾಂತವನ್ನು ಇಬ್ಬರೂ ಬರೆದರು, ಆದರೆ ಅದು ಅಚ್ಚಾಗಿ ಬಂದದ್ದು ದಿನೆ ತೀರಿಕೊಂಡ ಮೇಲೆ. ಅದೇ ವರ್ಷ ಡಿಸೆಂಬರ್ 24ರಂದು ಅವನು ಪ್ಯಾರಿಸ್ಸಿನಲ್ಲಿ ಸತ್ತ. ಅಲ್ಲಿನ ಹೊಸ ಮಸೀದಿಯಲ್ಲಿ ಪ್ರಾರ್ಥನೆ ನಡೆದ ಮೇಲೆ ದೇಹವನ್ನು ಸಮುದ್ರ ದಾಟಿಸಿ, 1930ರ ಜನವರಿ 12ರಂದು ಬೂ ಸಾದಾದಲ್ಲಿ ಅವನೇ ಸಿದ್ಧಪಡಿಸಿಕೊಂಡಿದ್ದ ಗುಮ್ಮಟದ ಸಮಾಧಿಯಲ್ಲಿ ಇಟ್ಟರು. ಸಾವಿರಾರು ಜನ ಸೇರಿದ್ದರು. ಬಂದವರಲ್ಲಿ ಫ್ರೆಂಚ್ ಆಡಳಿತದ ಗಣ್ಯರೂ ಇದ್ದರು. 1930 ಎಂದರೆ ಫ್ರಾನ್ಸ್ ಅಲ್ಜೀರಿಯಾವನ್ನು ಗೆದ್ದ ನೂರನೆಯ ವರ್ಷ. ಅದರ ಅದ್ದೂರಿ ಆಚರಣೆಗೆ ಸಿದ್ಧತೆ ನಡೆಯುತ್ತಿತ್ತು. ಊರಿನವರು ತಮ್ಮ ಹಾಜಿಯನ್ನು ಮಣ್ಣು ಮಾಡುತ್ತಿದ್ದರು, ಸರ್ಕಾರ ಅದೇ ಶವಯಾತ್ರೆಯಲ್ಲಿ ಫ್ರಾನ್ಸ್ ಮತ್ತು ಇಸ್ಲಾಮಿನ ಸೌಹಾರ್ದಕ್ಕೆ ಒಂದು ಪುರಾವೆಯನ್ನು ಕಾಣುತ್ತಿತ್ತು. ಆ ದಿನ ಗೋರಿಯ ಸುತ್ತ ನಿಂತವರಲ್ಲಿ ಯಾರ ಕಣ್ಣೀರು ಯಾವ ಲೆಕ್ಕಕ್ಕೆ ಸೇರಬೇಕೆಂದು ಇವತ್ತು ಬೇರ್ಪಡಿಸುವುದು ಕಷ್ಟ.

ನಿಮ್ಮ ಕೊನೆಯ ಪ್ರಶ್ನೆ, ಅಲ್ಜೀರಿಯಾದವರು ಅವನನ್ನು ಹೇಗೆ ಕಾಣುತ್ತಾರೆ ಎಂಬುದು. 1962ರಲ್ಲಿ ಸ್ವಾತಂತ್ರ್ಯ ಬಂದಾಗ ವಸಾಹತು ಕಾಲದ ಪ್ರತಿಮೆಗಳು ಅನೇಕ ಊರುಗಳಲ್ಲಿ ಕೆಳಗಿಳಿದವು, ಬೀದಿಗಳ ಹೆಸರು ಬದಲಾದವು. ದಿನೆಯ ಚಿತ್ರಗಳು ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಅಲ್ಜೀರ್ಸ್‌ನ ರಾಷ್ಟ್ರೀಯ ಲಲಿತಕಲಾ ಮ್ಯೂಸಿಯಮ್ಮಿನಲ್ಲಿ ಅವನ ಕೃತಿಗಳ ದೊಡ್ಡ ಸಂಗ್ರಹವಿದೆ, ಬೂ ಸಾದಾದಲ್ಲಿ 1990ರ ದಶಕದಲ್ಲಿ ಅವನ ಹೆಸರಿನ ರಾಷ್ಟ್ರೀಯ ಮ್ಯೂಸಿಯಂ ತೆರೆಯಿತು, ಅವನ ಚಿತ್ರಗಳು ಅಂಚೆಚೀಟಿಗಳ ಮೇಲೂ ಬಂದವು. ಸರ್ಕಾರವೂ ಹೊಸ ಸಿರಿವಂತರೂ ಹರಾಜುಗಳಲ್ಲಿ ಅವನ ಚಿತ್ರಗಳನ್ನು ಕೊಂಡು ದೇಶಕ್ಕೆ ತಂದರು. ಮನೆಗಳಲ್ಲಿ ಅವುಗಳ ಅಗ್ಗದ ಮುದ್ರಿತ ಪ್ರತಿಗಳು ತೂಗಿದವು. ಎಂಟು ವರ್ಷ ಕಾದಾಡಿ ಫ್ರಾನ್ಸನ್ನು ಹೊರಗಟ್ಟಿದ ದೇಶಕ್ಕೆ ತನ್ನ ಅಜ್ಜ ಅಜ್ಜಿಯರ ಮುಖ, ಬಟ್ಟೆ, ಒಡವೆ, ಹಬ್ಬಗಳನ್ನು ಬಣ್ಣದಲ್ಲಿ ನೋಡಬೇಕೆಂದರೆ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಫ್ರೆಂಚರು ಬರೆದ ಚಿತ್ರಗಳೇ. ಆ ಫ್ರೆಂಚರಲ್ಲಿ ತಮ್ಮ ಮಸೀದಿಗೆ ಬಂದವನು, ತಮ್ಮ ಮಣ್ಣಿನಲ್ಲೇ ಮಲಗಿದವನು ಎಂದು ಹೇಳಿಕೊಳ್ಳಲು ಒಬ್ಬನಾದರೂ ಇದ್ದ. ಅವನ ನಗ್ನಚಿತ್ರಗಳ ವಿಷಯಕ್ಕೆ ಬಂದಾಗ ಈ ಒಪ್ಪಿಗೆ ತೊಡರುತ್ತದೆ. ಧರ್ಮನಿಷ್ಠರು ನಾಚುತ್ತಾರೆ, ಸ್ತ್ರೀವಾದಿಗಳು ಎದುರು ಕೂತವಳ ಪರವಾಗಿ ಕೇಳುತ್ತಾರೆ, ಇತಿಹಾಸಕಾರರು ಪೋಸ್ಟ್‌ಕಾರ್ಡುಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

1953ರಲ್ಲಿ ತೀರಿಕೊಂಡ ಸ್ಲಿಮಾನ್‌ನ ಸಮಾಧಿಯೂ ಬೂ ಸಾದಾದ ಅದೇ ಗುಮ್ಮಟದಡಿ, ದಿನೆಯ ಪಕ್ಕದಲ್ಲೇ ಇದೆ. ಚಿತ್ರಕಾರನ ಹೆಸರಿನಲ್ಲಿ ಮ್ಯೂಸಿಯಂ ಇದೆ, ಸ್ಲಿಮಾನ್‌ನ ಹೆಸರು ಹಳೆಯ ಪುಸ್ತಕಗಳ ಹೊದಿಕೆಯ ಮೇಲಷ್ಟೇ ಉಳಿದಿದೆ. ದಿನೆಯ ಬಗ್ಗೆ ಇನ್ನೂ ಓದುವ ಮನಸ್ಸಿದ್ದರೆ, ಇಬ್ಬರ ಹೆಸರೂ ಇರುವ ಆ ಪುಸ್ತಕಗಳಿಂದ ಶುರುಮಾಡಿ.